ತಂಪು ದೇಶದ ಬಯೋಡೈನಾಮಿಕ್ ಪದ್ಧತಿ ಕುಷ್ಟಗಿಯ ದ್ರಾಕ್ಷಿ ತೋಟಕ್ಕೆ ಹೊಂದೀತೇ?

ಪ್ರಶ್ನೆ (ಕುಷ್ಟಗಿಯಿಂದ)

ನಮ್ಮದು ಎರಡು ಎಕರೆ ಥಾಮ್ಸನ್ ದ್ರಾಕ್ಷಿ ತೋಟ. ಅಪ್ಪ, ಅವ್ವ, ತಮ್ಮ ಮತ್ತು ನಾನು ಸೇರಿ ನೋಡಿಕೊಳ್ಳುತ್ತೇವೆ. ಜರ್ಮನಿಯ ಮೊಸೆಲ್ ಕಣಿವೆಯಲ್ಲಿ ಒಂದು ಕುಟುಂಬ ಬಯೋಡೈನಾಮಿಕ್ ಎಂಬ ಸಾವಯವ ಪದ್ಧತಿಯಲ್ಲಿ ನಡೆಸುತ್ತಿರುವ ವೈನ್ ದ್ರಾಕ್ಷಿ ತೋಟದಲ್ಲಿ ತಮ್ಮನು ಒಂದು ಕೊಯ್ಲಿನ ಹಂಗಾಮು ಕೆಲಸ ಮಾಡಿ ಬಂದಿದ್ದಾನೆ. ಅವರು ಆಕಳ ಕೊಂಬಿನಲ್ಲಿ ಸಗಣಿ ತುಂಬಿ ಚಳಿಗಾಲವಿಡೀ ಹೂಳಿಟ್ಟು, ವಸಂತದಲ್ಲಿ ತೆಗೆದು, ನೀರಿನಲ್ಲಿ ಕದಡಿ ನೆಲಕ್ಕೆ ಸಿಂಪಡಿಸುತ್ತಾರೆ. ಆದರೆ ಅಲ್ಲಿಯ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ, ನಮ್ಮದು ಮಲಗುವುದೇ ಇಲ್ಲ. ಅವರ ಕಾಲಕ್ರಮವನ್ನು ಇಲ್ಲಿಗೆ ಹೇಗೆ ಹೊಂದಿಸಿಕೊಳ್ಳಬೇಕು?

ಉತ್ತರ (ಯಲಬುರ್ಗಾದಿಂದ)

ಆಸ್ಟ್ರಿಯಾದ ಚಿಂತಕ ರುಡಾಲ್ಫ್ ಸ್ಟೈನರ್ 1924ರಲ್ಲಿ ನೀಡಿದ ಎಂಟು ಉಪನ್ಯಾಸಗಳಿಂದ ಹೊರಟ ಈ ಪದ್ಧತಿ ತಂಪು ನಾಡಿನ ಋತುಗಳನ್ನೇ ನೆಚ್ಚಿಕೊಂಡಿದೆ. ಕೊಂಬಿನ ಗೊಬ್ಬರವೇನೂ ಕಷ್ಟವಲ್ಲ. ದಸರೆಯ ಆಸುಪಾಸಿನಲ್ಲಿ ಹೂಳಿ ಯುಗಾದಿಯ ಹೊತ್ತಿಗೆ ತೆಗೆದರೆ ಏಪ್ರಿಲ್ ಚಾಟ್ನಿಗೆ (ಬಳ್ಳಿ ಕತ್ತರಿಸುವ ಕೆಲಸಕ್ಕೆ) ಸಿಗುತ್ತದೆ. ಎಕರೆಗೆ 25 ಗ್ರಾಂ ಗೊಬ್ಬರವನ್ನು ಸುಮಾರು 13 ಲೀಟರ್ ನೀರಿಗೆ ಹಾಕಿ, ಬಲಕ್ಕೊಮ್ಮೆ ಎಡಕ್ಕೊಮ್ಮೆ ಸುಳಿ ಏಳುವಂತೆ ಒಂದು ಗಂಟೆ ತಿರುವಿ, ಸಂಜೆ ಹಸಿ ನೆಲಕ್ಕೆ ಚಿಮುಕಿಸಬೇಕು.

ನಿಜವಾದ ತೊಡಕಿರುವುದು ಅಕ್ಟೋಬರ್ ಚಾಟ್ನಿಯಲ್ಲಿ. ಮೊಸೆಲ್‌ನಲ್ಲಿ ಬಳ್ಳಿಯ ಕಣ್ಣುಗಳು ಒಟ್ಟಿಗೆ ಒಡೆಯಲು ಚಳಿಯೇ ಸಾಕು. ನಾವು ಆ ಚಳಿಯ ಬದಲಿಗೆ ಹೈಡ್ರೋಜನ್ ಸಯನಮೈಡ್ ಹಚ್ಚುತ್ತೇವೆ. ಬಯೋಡೈನಾಮಿಕ್‌ನಲ್ಲಿ ಅದಕ್ಕೂ ಅವಕಾಶವಿಲ್ಲ, ಕಾಳು ದಪ್ಪಗಾಗಿಸುವ ಜಿ.ಎ.ಗೂ (ಜಿಬ್ಬರೆಲಿಕ್ ಆಮ್ಲ) ಇಲ್ಲ. ಹಚ್ಚದಿದ್ದರೆ ಕಣ್ಣುಗಳು ಹಿಂದೆಮುಂದೆ ಒಡೆದು ಗೊನೆಗಳು ಒಂದೇ ಹದಕ್ಕೆ ಬರುವುದಿಲ್ಲ. ಮೊಸೆಲ್‌ನವರು ವೈನ್ ಮಾಡುವುದರಿಂದ ಸಣ್ಣ ಕಾಳಾದರೂ ಅವರಿಗೆ ನಡೆಯುತ್ತದೆ. ತಿನ್ನುವ ಹಣ್ಣು ಮಾರುವ ನಮಗೆ ದರವೇ ಬೀಳುತ್ತದೆ. ಇದನ್ನು ಮನೆಯವರೆಲ್ಲ ಕುಳಿತು ಮೊದಲೇ ಮಾತಾಡಿಕೊಳ್ಳಿ.

ಉತ್ತರ (ಕೊಪ್ಪಳದಿಂದ)

ಎಲೆ, ಗೊನೆಗೆ ಬೂಜು ಹಿಡಿಸುವ ಡೌನಿ ರೋಗ ಮೊಸೆಲ್‌ನಲ್ಲಿಯೂ ಕಾಡುವುದರಿಂದ ಅವರೂ ತಾಮ್ರ ಬಳಸುತ್ತಾರೆ. ಬಯೋಡೈನಾಮಿಕ್ ಪ್ರಮಾಣಪತ್ರ ನೀಡುವ ಡಿಮೀಟರ್ ಸಂಸ್ಥೆಯ ನಿಯಮದ ಪ್ರಕಾರ ವರ್ಷಕ್ಕೆ ಹೆಕ್ಟೇರಿಗೆ ಸರಾಸರಿ 3 ಕಿಲೋ ತಾಮ್ರ ಮಿತಿ. ಮೈಲುತುತ್ತದಲ್ಲಿ ತಾಮ್ರ ಕಾಲು ಭಾಗ ಮಾತ್ರ ಇರುವುದರಿಂದ, ಬೋರ್ಡೋ ದ್ರಾವಣಕ್ಕೆ ಎಕರೆಗೆ ವರ್ಷವಿಡೀ ಐದು ಕಿಲೋ ಮೈಲುತುತ್ತವೂ ಸಿಗುವುದಿಲ್ಲ ಎಂದು ಲೆಕ್ಕ ಹಾಕಿಕೊಳ್ಳಿ.

ನಾನು ಮೊದಲ ವರ್ಷ ಕೊಂಬುಗಳನ್ನು ತಗ್ಗಿನಲ್ಲಿ ಹೂಳಿದ್ದೆ. ನೀರು ನಿಂತು, ತೆಗೆದಾಗ ಸಗಣಿ ಹಸಿರಾಗಿಯೇ ಇದ್ದು ನಾರುತ್ತಿತ್ತು. ಮರುವರ್ಷ ಎತ್ತರದಲ್ಲಿ ಹೂಳಿದ್ದು ಕಪ್ಪಗೆ, ಬೆರಳಲ್ಲಿ ಉದುರುವಂತಾಗಿ, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬಂದಿತ್ತು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ಕಾಳಿನ ಮಾತು ಬಂದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಬಾವಿಯ ಪಕ್ಕದ ನಾಲ್ಕು ಸಾಲುಗಳನ್ನು ನಮಗೆ ಬಿಟ್ಟುಕೊಡಲು ಒಪ್ಪಿದರು. ಈ ಅಕ್ಟೋಬರ್‌ನಲ್ಲಿ ಆ ಸಾಲುಗಳಿಗೆ ಏನನ್ನೂ ಹಚ್ಚುವುದಿಲ್ಲ.