ಅಣ್ಣ ಹೊರದೇಶದ ಆಸ್ಪತ್ರೆಯಲ್ಲಿ, ರಾಯಭಾರ ಕಚೇರಿಯಲ್ಲಿ ಯಾರೂ ಸಿಗುತ್ತಿಲ್ಲ

ಪ್ರಶ್ನೆ:
ಅಣ್ಣ ಕೆಲಸದ ಮೇಲೆ ಹೊರದೇಶಕ್ಕೆ ಹೋಗಿದ್ದ. ನಿನ್ನೆ ರಾತ್ರಿ ಅಪಘಾತವಾಗಿ ಕಾಲು ಮುರಿದಿದೆ. ಪಾಸ್‌ಪೋರ್ಟ್ ಇದ್ದ ಬ್ಯಾಗೂ ಕಳೆದುಹೋಗಿದೆ. ಪೊಲೀಸರು ಬಂದು ಏನೋ ಬರೆದುಕೊಂಡು ಹೋದರಂತೆ, ಅವನಿಗೆ ಅಲ್ಲಿಯ ಭಾಷೆ ಬರುವುದಿಲ್ಲ. ನಮ್ಮ ರಾಯಭಾರ ಕಚೇರಿಗೆ ಐದು ಸಲ ಫೋನ್ ಮಾಡಿದೆ. ವೀಸಾ ಬೇಕಾದರೆ ಒಂದು ಒತ್ತಿ ಅನ್ನುವ ದನಿ ಬಿಟ್ಟರೆ ಯಾರೂ ಸಿಗುತ್ತಿಲ್ಲ. ಏನು ಮಾಡಲಿ?

ಉತ್ತರ 1:
ಧೈರ್ಯ ತಂದುಕೊಳ್ಳಿ. ಎರಡು ವರ್ಷದ ಹಿಂದೆ ಅಪ್ಪನಿಗೆ ಪ್ರವಾಸದಲ್ಲಿ ಪಾರ್ಶ್ವವಾಯು ಹೊಡೆದಾಗ ನಾನೂ ಹೀಗೇ ಅರ್ಧ ದಿನ ಕಳೆದುಕೊಂಡೆ. ನೀವು ಮಾಡಿದ್ದು ಕಚೇರಿ ಹೊತ್ತಿನ ನಂಬರಿಗೆ. ಕಷ್ಟದಲ್ಲಿರುವ ನಾಗರಿಕರಿಗೆ ಅಂತ ಸಾಮಾನ್ಯವಾಗಿ ಬೇರೆ ತುರ್ತು ನಂಬರ್ ಇರುತ್ತದೆ. ವೆಬ್‌ಸೈಟಿನ ಕಾನ್ಸುಲರ್ ವಿಭಾಗದಲ್ಲಿ, ಅಂದರೆ ಹೊರದೇಶದಲ್ಲಿರುವ ನಮ್ಮ ನಾಗರಿಕರಿಗೆ ನೆರವಾಗುವ ವಿಭಾಗದಲ್ಲಿ, ಹುಡುಕಿ. ಅಲ್ಲೂ ಸಿಗದಿದ್ದರೆ ನಮ್ಮ ವಿದೇಶಾಂಗ ಸಚಿವಾಲಯಕ್ಕೇ ಮಾಡಿ.

ಫೋನ್ ಎತ್ತಿದ ಕೂಡಲೇ ಅಣ್ಣನ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್, ಆಸ್ಪತ್ರೆ, ವಾರ್ಡ್ ಹೇಳಿ. ನಾನು ಅಳುತ್ತಾ ಮೊದಲಿಂದ ಕಥೆ ಹೇಳಿದೆ, ಆ ಕಡೆಯವರಿಗೆ ಬರೆದುಕೊಳ್ಳಲು ಏನೂ ಸಿಗಲಿಲ್ಲ. ಸುಮ್ನೆ ಸಹಾಯ ಮಾಡಿ ಅಂದರೆ ಸಾಲದು. ಡಾಕ್ಟರ ಹತ್ತಿರ ಮಾತಾಡಿ, ದುಭಾಷಿಗಳ ಪಟ್ಟಿ ಕೊಡಿ, ವಕೀಲರ ಪಟ್ಟಿ ಕೊಡಿ ಅಂತ ಒಂದೊಂದಾಗಿ ಕೇಳಿ. ಆಸ್ಪತ್ರೆ ಬಿಲ್ಲನ್ನು ಅವರು ಸಾಮಾನ್ಯವಾಗಿ ಕಟ್ಟುವುದಿಲ್ಲ. ಹಾಗಾಗಿ ವಿಮೆ ಇದ್ದರೆ ಆ ಕಂಪನಿಗೆ ಇವತ್ತೇ ತಿಳಿಸಿ. ತಡವಾಗಿ ಹೇಳಿದಿರಿ ಅಂತ ನಮ್ಮ ವಿಮೆಯವರು ತಕರಾರು ತೆಗೆದರು. ಆ ನೋವು ಇನ್ನೂ ಹೋಗಿಲ್ಲ.

ಉತ್ತರ 2:
ಪೊಲೀಸರ ವಿಷಯ ಹಗುರವಾಗಿ ತಗೋಬೇಡಿ. ಅರ್ಥವಾಗದ ಕಾಗದಕ್ಕೆ ಅಣ್ಣ ಸಹಿ ಹಾಕಬಾರದು. ಅಕಸ್ಮಾತ್ ವಶಕ್ಕೆ ತೆಗೆದುಕೊಂಡರೆ, ನಮ್ಮ ಕಾನ್ಸುಲೇಟಿಗೆ (ರಾಯಭಾರ ಕಚೇರಿಯ ಹಾಗೆ ಅಲ್ಲಿರುವ ನಮ್ಮ ದೇಶದ ಕಚೇರಿ) ತಿಳಿಸಿ ಅಂತ ಅವನೇ ಬಾಯಿಬಿಟ್ಟು ಕೇಳಬೇಕು. ಕೇಳಿದರೆ ಅಲ್ಲಿಯ ಅಧಿಕಾರಿಗಳು ತಡಮಾಡದೆ ತಿಳಿಸಬೇಕು ಅಂತ ಕಾನ್ಸುಲರ್ ಸಂಬಂಧಗಳ ಬಗ್ಗೆ ದೇಶಗಳು ಮಾಡಿಕೊಂಡ 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಹೇಳುತ್ತದೆ. ಕಾನ್ಸುಲೇಟ್ ಅಧಿಕಾರಿ ಬಂದು ಮಾತಾಡಬಹುದು, ಬಿಡಿಸಿಕೊಂಡು ಹೋಗಲು ಮಾತ್ರ ಆಗುವುದಿಲ್ಲ.

ಪ್ರಶ್ನೆ ಕೇಳಿದವರು:
ತುರ್ತು ನಂಬರಿನಲ್ಲಿ ಒಬ್ಬರು ಸಿಕ್ಕರು! ಆಸ್ಪತ್ರೆಗೂ ಫೋನ್ ಮಾಡಿದ್ದಾರೆ. ಪಾಸ್‌ಪೋರ್ಟ್ ಬದಲು ತುರ್ತು ಪ್ರಯಾಣ ಪತ್ರ ಕೊಡುತ್ತಾರಂತೆ. ಅಷ್ಟಿದ್ದರೆ ಸಾಕಲ್ವಾ?

ಉತ್ತರ 1:
ಓದಿ ತುಂಬಾ ಸಮಾಧಾನವಾಯಿತು. ಬ್ಯಾಗ್ ಕಳೆದ ಬಗ್ಗೆ ಪೊಲೀಸ್ ದೂರಿನ ಪ್ರತಿ ಕೇಳುತ್ತಾರೆ, ಅದನ್ನು ಮೊದಲು ಮಾಡಿಸಿ. ಆ ದೇಶಕ್ಕೆ ಬಂದಾಗ ಹಾಕಿದ ಮುದ್ರೆಯೂ ಪಾಸ್‌ಪೋರ್ಟಿನ ಜೊತೆಗೇ ಹೋಯಿತಲ್ಲ, ಹಾಗಾಗಿ ಕೆಲವು ದೇಶಗಳಲ್ಲಿ ಹೊರಡಲು ವಲಸೆ ಇಲಾಖೆಯ ಅನುಮತಿಯೂ ಬೇಕಾಗುತ್ತದೆ. ದಾರಿಯಲ್ಲಿ ವಿಮಾನ ಬದಲಿಸುವುದಿದ್ದರೆ ಆ ದೇಶ ಈ ಪತ್ರವನ್ನು ಒಪ್ಪುತ್ತದಾ ಅಂತ ಟಿಕೆಟ್ ತೆಗೆಯುವ ಮುಂಚೆಯೇ ಅದೇ ಅಧಿಕಾರಿಯನ್ನು ಕೇಳಿ.