‘ಡೆಪ್ಯುಟಿ ವೈಸ್ ಪ್ರೆಸಿಡೆಂಟ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದು ಪದಕ್ಕಾಗಿ ಎರಡು ವಾರದಿಂದ ತಡಕಾಡುತ್ತಿದ್ದೇನೆ, ನಿಮ್ಮ ನೆರವು ಬೇಕು.

ನನ್ನ ಅಕ್ಕನ ಮಗಳು ಇಂಗ್ಲೆಂಡಿನಲ್ಲಿ ಸಾಲಿಸಿಟರ್, ಅಂದರೆ ಅಲ್ಲಿನ ಒಂದು ಬಗೆಯ ವಕೀಲೆ. ಅಲ್ಲಿನ ಕನ್ನಡದವರ ಯುಗಾದಿ ಸಂಚಿಕೆಗೆ ಅವಳ ವೃತ್ತಿಯ ಬಗ್ಗೆ, ಅಲ್ಲಿನ ಸಾಲಿಸಿಟರ್‌ಗಳ ಸಂಸ್ಥೆ ‘ಲಾ ಸೊಸೈಟಿ’ಯ ಬಗ್ಗೆ ಒಂದು ಲೇಖನ ಬರೆದುಕೊಡಿ ಅಂತ ಕೇಳಿದ್ದಾರೆ. ಅರ್ಧ ಬರೆದೆ. ಸೊಸೈಟಿಯ ಮುಂದಾಳುಗಳು ಯಾರು ಅನ್ನುವ ಜಾಗಕ್ಕೆ ಬಂದು ನಿಂತುಬಿಟ್ಟೆ. ಅಲ್ಲಿ ಮೂವರು ಪದಾಧಿಕಾರಿಗಳು: ಪ್ರೆಸಿಡೆಂಟ್, ವೈಸ್ ಪ್ರೆಸಿಡೆಂಟ್, ಡೆಪ್ಯುಟಿ ವೈಸ್ ಪ್ರೆಸಿಡೆಂಟ್. ಮೊದಲ ಇಬ್ಬರು ಅಧ್ಯಕ್ಷ, ಉಪಾಧ್ಯಕ್ಷ. ಮೂರನೆಯವರು? ನಮಗೆ ವೈಸ್ ಅಂದರೂ ‘ಉಪ’, ಡೆಪ್ಯುಟಿ ಅಂದರೂ ‘ಉಪ’. ‘ಉಪ ಉಪಾಧ್ಯಕ್ಷ’ ಅಂತ ಬರೆದರೆ ಅಚ್ಚಿನ ತಪ್ಪು ಅಂದುಕೊಂಡು ಒಂದು ‘ಉಪ’ವನ್ನು ಯಾರಾದರೂ ಹೊಡೆದುಹಾಕುತ್ತಾರೆ.

ಪದ ಹುಡುಕುವ ಮೊದಲು ಆ ಸ್ಥಾನದ ಕೆಲಸ ಏನು ಅಂತ ನೋಡಬೇಕು ಅನ್ನಿಸಿತು. ಅಲ್ಲಿನ ಕೌನ್ಸಿಲ್ ಸದಸ್ಯರು ಮತ ಹಾಕಿ ಆರಿಸುವುದು ಈ ಮೂರನೆಯ ಸ್ಥಾನಕ್ಕೆ. ಹಾಗೆ ಆರಿಸಿ ಬಂದವರು ಸಾಮಾನ್ಯವಾಗಿ ಒಂದು ವರ್ಷ ಡೆಪ್ಯುಟಿ ವೈಸ್ ಆಗಿರುತ್ತಾರೆ, ಮುಂದಿನ ವರ್ಷ ವೈಸ್, ಅದರ ಮುಂದಿನ ವರ್ಷ ಪ್ರೆಸಿಡೆಂಟ್. ಅಂದರೆ ಅದು ಏಣಿಯ ಮೊದಲ ಮೆಟ್ಟಿಲು. ನಮ್ಮಲ್ಲಿ ಉಪಾಧ್ಯಕ್ಷ ಅಂದರೆ ಹಾಗಲ್ಲ, ಅಧ್ಯಕ್ಷರು ಇಲ್ಲದ ದಿನ ಸಭೆ ನಡೆಸುವವರು, ಅಷ್ಟೆ. ಗ್ರಾಮ ಪಂಚಾಯಿತಿ ಉಪಾಧ್ಯಕ್ಷರು ಮುಂದೆ ಅಧ್ಯಕ್ಷರಾಗುತ್ತಾರೆ ಅಂತ ಯಾರೂ ಲೆಕ್ಕ ಹಾಕುವುದಿಲ್ಲ. ಹಾಗಾಗಿ ‘ಉಪಾಧ್ಯಕ್ಷ’ ಸುಲಭ ಅಂತ ಅಂದುಕೊಂಡಿದ್ದೂ ಅಷ್ಟು ಸುಲಭ ಅಲ್ಲ.

ಇದಕ್ಕೆ ಹತ್ತಿರದ ಮಾತು ನಮ್ಮ ಊರುಗಳ ರೋಟರಿ ವರದಿಗಳಲ್ಲಿದೆ. ಮುಂದಿನ ಸಾಲಿಗೆ ಬರುವವರಿಗೆ ‘ನಿಯೋಜಿತ ಅಧ್ಯಕ್ಷ’ ಅಂತಾರೆ, ಈಗಷ್ಟೇ ಇಳಿದವರಿಗೆ ‘ನಿಕಟಪೂರ್ವ ಅಧ್ಯಕ್ಷ’. ಆಹ್ವಾನ ಪತ್ರಿಕೆಗಳಲ್ಲಿ ನೋಡಿರುತ್ತೀರಿ. ಲಾ ಸೊಸೈಟಿಯ ವೈಸ್ ಪ್ರೆಸಿಡೆಂಟ್ ಮಾಡುವ ಕೆಲಸಕ್ಕೆ ‘ನಿಯೋಜಿತ ಅಧ್ಯಕ್ಷ’ ಚೆನ್ನಾಗಿ ಕೂರುತ್ತದೆ. ಆಗ ‘ಉಪಾಧ್ಯಕ್ಷ’ ಅನ್ನುವ ಪದ ಬಿಡುವಾಗುತ್ತದೆ, ಅದನ್ನು ಮೂರನೆಯವರಿಗೆ ಕೊಡಬಹುದು. ಆದರೆ ಇಂಗ್ಲಿಷ್ ಹೆಸರು ಗೊತ್ತಿರುವ ಅಲ್ಲಿನ ಓದುಗರು ಇದನ್ನು ತಪ್ಪು ಅನುವಾದ ಅನ್ನಬಹುದು ಅನ್ನುವ ಅಳುಕು ನನಗಿದೆ.

ಅಳುಕು ಬೇಡ ಅನ್ನುವುದಕ್ಕೆ ನಮ್ಮಲ್ಲೇ ಉದಾಹರಣೆ ಇವೆ. ವೈಸ್ ಛಾನ್ಸಲರ್‌ಗೆ ನಾವು ಕುಲಪತಿ ಅಂದೆವು, ‘ಉಪ’ ಸೇರಿಸಲಿಲ್ಲ. ವಿಶ್ವವಿದ್ಯಾಲಯ ನಡೆಸುವವರು ಅವರೇ. ಛಾನ್ಸಲರ್ ಕುಲಾಧಿಪತಿ ಆದರು. ಡೆಪ್ಯುಟಿ ಕಮಿಷನರ್ ನಮಗೆ ಜಿಲ್ಲಾಧಿಕಾರಿ. ಕೆಲಸ ನೋಡಿ ಹೆಸರಿಟ್ಟ ಪದಗಳು ಇವು, ಅದಕ್ಕೇ ಎಲ್ಲರ ಬಾಯಲ್ಲೂ ನಿಂತಿವೆ. ಸಹ ಉಪಾಧ್ಯಕ್ಷ, ಕಿರಿಯ ಉಪಾಧ್ಯಕ್ಷ ಇವೆರಡನ್ನೂ ಬರೆದು ನೋಡಿದೆ, ಮನಸ್ಸಿಗೆ ಹಿಡಿಸಲಿಲ್ಲ. ‘ಸಹ’ ಅಂದರೆ ಇಬ್ಬರೂ ಸಮ ಅನ್ನಿಸುತ್ತದೆ, ‘ಕಿರಿಯ’ ಅಂದರೆ ವಯಸ್ಸಿನ ಮಾತಾಗುತ್ತದೆ.

ಇನ್ನು ಸಂಸ್ಥೆಯ ಹೆಸರು. ನಮ್ಮ ಕಡೆ ಸೊಸೈಟಿ ಅಂದರೆ ಅಕ್ಕಿ ತರುವ ಜಾಗ, ಇಲ್ಲವೇ ಬೆಳೆ ಸಾಲ ಕೊಡುವ ಜಾಗ. ‘ಕಾನೂನು ಸಮಾಜ’ ಅಂದರೆ ಏನೂ ಅರ್ಥ ಆಗುವುದಿಲ್ಲ. ಸ್ನೇಹಿತರೊಬ್ಬರು ‘ವಕೀಲರ ಪರಿಷತ್ತು’ ಅನ್ನಿ ಅಂದರು. ನನಗೆ ಅದು ಸರಿ ಕಾಣುವುದಿಲ್ಲ. ನಮ್ಮ ರಾಜ್ಯ ವಕೀಲರ ಪರಿಷತ್ತು ಸನ್ನದು ಕೊಡುತ್ತದೆ, ತಪ್ಪು ಮಾಡಿದ ವಕೀಲರ ಮೇಲೆ ಕ್ರಮವನ್ನೂ ತೆಗೆದುಕೊಳ್ಳುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2007ರಿಂದ ಆ ನಿಯಂತ್ರಣದ ಕೆಲಸಕ್ಕೆ ಬೇರೆಯದೇ ಪ್ರಾಧಿಕಾರ ಇದೆ. ಲಾ ಸೊಸೈಟಿ ಈಗ ಸಾಲಿಸಿಟರ್‌ಗಳ ಪರವಾಗಿ ಮಾತಾಡುವ ಸಂಸ್ಥೆ. ಹಾಗಾಗಿ ‘ಸಂಘ’ವೇ ಸರಿ, ‘ಸಾಲಿಸಿಟರ್‌ಗಳ ಸಂಘ’.

ಸಾಲಿಸಿಟರ್ ಪದವನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ‘ನ್ಯಾಯವಾದಿ’ ಅಂದರೆ ಅದರೊಳಗೇ ವಾದ ಇದೆ. ನನ್ನ ಅಕ್ಕನ ಮಗಳು ಮನೆ ಖರೀದಿಯ ಪತ್ರ, ಉಯಿಲು ಇಂಥವನ್ನು ಮಾಡುವವಳು, ಕೋರ್ಟು ಮೆಟ್ಟಿಲು ಹತ್ತುವುದೇ ಅಪರೂಪ. ಇತ್ತ ನಮ್ಮ ಪತ್ರಿಕೆ ಓದುವವರಿಗೆ ಸಾಲಿಸಿಟರ್ ಅಂದಕೂಡಲೇ ನೆನಪಾಗುವುದು ದೆಹಲಿಯಲ್ಲಿ ಕೇಂದ್ರದ ಪರ ವಾದಿಸುವ ಸಾಲಿಸಿಟರ್ ಜನರಲ್! ಅದಕ್ಕೇ ಒಂದು ಸಾಲಿನ ವಿವರಣೆ ಸೇರಿಸಿದೆ. 1825ರಲ್ಲಿ ಸಂಘ ಶುರುವಾದಾಗ ಅಲ್ಲಿ ಅಟಾರ್ನಿ, ಸಾಲಿಸಿಟರ್, ಪ್ರಾಕ್ಟರ್ ಅಂತ ಕೋರ್ಟಿಗೊಂದು ಹೆಸರಿತ್ತು. 1873ರ ಕಾಯ್ದೆಯಿಂದ ಎಲ್ಲರೂ ಸಾಲಿಸಿಟರ್ ಆದರು. ನಮ್ಮಲ್ಲೂ ಮುಂಬಯಿ, ಕಲ್ಕತ್ತ ಹೈಕೋರ್ಟುಗಳಲ್ಲಿ ಅಟಾರ್ನಿಗಳು ಉಳಿದ ವಕೀಲರಿಂದ ಬೇರೆಯಾಗಿದ್ದರು, 1976ರ ತಿದ್ದುಪಡಿಯ ನಂತರ ಆ ಭೇದ ಹೋಯಿತು.

ಇನ್ನೊಂದು ಪ್ರಶ್ನೆ, ನನಗೆ ಇದು ಜಾಸ್ತಿ ಮುಖ್ಯ. ಅಧ್ಯಕ್ಷೆ ಅನ್ನಬೇಕೋ, ಅಧ್ಯಕ್ಷರು ಅನ್ನಬೇಕೋ? 1913ರಲ್ಲಿ ಗ್ವಿನೆತ್ ಬೆಬ್ ಅನ್ನುವ ಮಹಿಳೆ ಸಾಲಿಸಿಟರ್ ಆಗುವ ಪರೀಕ್ಷೆಗೆ ಕೂರಲು ಬಿಡಿ ಅಂತ ಇದೇ ಲಾ ಸೊಸೈಟಿಯ ಮೇಲೆ ಕೇಸು ಹಾಕಿದರು. ಸಾಲಿಸಿಟರ್‌ಗಳ ಬಗೆಗಿನ 1843ರ ಕಾಯ್ದೆಯಲ್ಲಿದ್ದ ‘ವ್ಯಕ್ತಿ’ ಅನ್ನುವ ಮಾತಿನೊಳಗೆ ಹೆಂಗಸರು ಬರುವುದಿಲ್ಲ ಅಂತ ಕೋರ್ಟು ಹೇಳಿತು. ಒಂದು ಪದದ ಅರ್ಥದ ಮೇಲೆ ಅವರ ಓದೆಲ್ಲ ನಿಂತುಹೋಯಿತು, ನೋಡಿ. 1919ರಲ್ಲಿ ಕಾನೂನು ಬದಲಾಯಿತು, 1922ರಲ್ಲಿ ಕ್ಯಾರಿ ಮಾರಿಸನ್ ಮೊದಲ ಮಹಿಳಾ ಸಾಲಿಸಿಟರ್ ಆದರು. ಆದರೆ ಸಂಘದ ಅಧ್ಯಕ್ಷ ಕುರ್ಚಿಗೆ ಒಬ್ಬ ಮಹಿಳೆ, ಕ್ಯಾರೊಲಿನ್ ಕರ್ಬಿ, ಬಂದಿದ್ದು 2002ರಲ್ಲಿ. ನಡುವೆ ಎಂಬತ್ತು ವರ್ಷ. 2022ರಲ್ಲಿ ಲುಬ್ನಾ ಶುಜಾ ಬಂದರು, ಏಷ್ಯಾ ಮೂಲದವರಲ್ಲಿ ಮೊದಲಿಗರು.

ಇಷ್ಟು ದಾರಿ ನಡೆದು ಬಂದವರಿಗೆ ಬೇರೆ ಪದ ಯಾಕೆ ಅನ್ನಿಸುತ್ತದೆ. ಅಲ್ಲಿ ಗಂಡಸಿಗೂ ಹೆಂಗಸಿಗೂ ಪ್ರೆಸಿಡೆಂಟ್ ಒಂದೇ. ನಮ್ಮ ‘ಅಧ್ಯಕ್ಷರು’ ಕೂಡ ಇಬ್ಬರಿಗೂ ಸಲ್ಲುತ್ತದೆ, ಗೌರವವೂ ಇದೆ. ‘ಮೊದಲ ಮಹಿಳಾ ಅಧ್ಯಕ್ಷರು’ ಅಂತ ಒಂದು ಸಲ ಹೇಳಿ, ಆಮೇಲೆ ಬರೀ ‘ಅಧ್ಯಕ್ಷರು’ ಅನ್ನೋಣ ಅಂತಿದ್ದೇನೆ. ಅಕ್ಕನ ಮಗಳಿಗೆ ಮಾತ್ರ ‘ಅಧ್ಯಕ್ಷೆ’ ಇಷ್ಟ. ಹೆಂಗಸರು ಅಲ್ಲಿ ಕೂತಿದ್ದಾರೆ ಅಂತ ಪದದಲ್ಲೇ ಕಾಣಲಿ ಅನ್ನುತ್ತಾಳೆ. ಅವಳ ಮಾತನ್ನೂ ತೆಗೆದುಹಾಕಲು ಆಗುತ್ತಿಲ್ಲ.

ಲೇಖನ ಕಳಿಸಲು ಇನ್ನು ಹತ್ತು ದಿನ ಇದೆ. ಎರಡೇ ಕೇಳುತ್ತಿದ್ದೇನೆ. ವೈಸ್ ಪ್ರೆಸಿಡೆಂಟ್‌ಗೆ ‘ನಿಯೋಜಿತ ಅಧ್ಯಕ್ಷ’, ಡೆಪ್ಯುಟಿ ವೈಸ್‌ಗೆ ‘ಉಪಾಧ್ಯಕ್ಷ’ ಅಂದರೆ ನಿಮ್ಮ ಕಿವಿಗೆ ಹೇಗನ್ನಿಸುತ್ತದೆ? ಇಲ್ಲ, ಸುಮ್ನೆ ‘ಮೊದಲ ಉಪಾಧ್ಯಕ್ಷ’, ‘ಎರಡನೇ ಉಪಾಧ್ಯಕ್ಷ’ ಅಂದರೆ ಸಾಕಾ? ಇಂಥ ಏಣಿ ಇರುವ ಸಂಘದಲ್ಲಿ ಇದ್ದವರು ಯಾರಾದರೂ ಇದ್ದರೆ, ನಿಮ್ಮಲ್ಲಿ ಏನಂತ ಕರೆಯುತ್ತಿದ್ದರು ಅಂತ ದಯವಿಟ್ಟು ತಿಳಿಸಿ.