ತಾಲೂಕು ಆಸ್ಪತ್ರೆಯ ಮಂಗಳವಾರದ ಮಾನಸಿಕ ಕ್ಲಿನಿಕ್ಕಿಗೆ ಹೋಗಿ ಬಂದವರು ಇದ್ದೀರಾ?

ವರದಾತೀರ:
ಹಾವೇರಿ ಜಿಲ್ಲೆಯವನು. ನನ್ನ ತಮ್ಮನಿಗೆ ಇಪ್ಪತ್ತನಾಲ್ಕು. ಪೀಣ್ಯದಲ್ಲಿ ಕೆಲಸಕ್ಕಿದ್ದವನು ಯುಗಾದಿಗೆ ಊರಿಗೆ ಬಂದ, ತಿರುಗಿ ಹೋಗಲಿಲ್ಲ. ಕೋಣೆ ಬಿಟ್ಟು ಬರಲ್ಲ, ರಾತ್ರಿಯೆಲ್ಲಾ ಎಚ್ಚರ, ಓಣಿಯವರು ತನ್ನ ಬಗ್ಗೆಯೇ ಮಾತಾಡ್ತಾರೆ ಅಂತಾನೆ. ನಮ್ಮ ತಾಲೂಕು ಆಸ್ಪತ್ರೆಗೆ ಮಂಗಳವಾರ ಜಿಲ್ಲೆಯಿಂದ ಮನೋವೈದ್ಯರ ತಂಡ ಬರುತ್ತೆ. ಹುಬ್ಬಳ್ಳಿಯಲ್ಲಿ ಖಾಸಗಿ ಕೌನ್ಸೆಲಿಂಗ್ ವಿಚಾರಿಸಿದರೆ ಒಂದು ಸಲಕ್ಕೆ 1200 ಅಂದರು. ಮೊದಲು ಯಾವುದಕ್ಕೆ ಹೋಗೋಣ? ಊರಲ್ಲಿ ಸುದ್ದಿಯಾಗುತ್ತೆ ಅಂತ ಅಪ್ಪ ಎರಡಕ್ಕೂ ಒಪ್ಪುತ್ತಿಲ್ಲ.

ಹೇಮಾವತಿ ಸೊಸೆ:
ನಮ್ಮತ್ತೆ ವಿಷಯ ಹೇಳ್ತೀನಿ. ಮಾವ ತೀರಿಕೊಂಡ ಮೇಲೆ ಶುರುವಾಯ್ತು. ಪಕ್ಕದ ಮನೆಯವರು ರಾತ್ರಿ ಹೆಂಚಿನ ಮೇಲೆ ಓಡಾಡ್ತಾರೆ ಅಂತ ಕುಡುಗೋಲು ಹಿಡ್ಕೊಂಡು ಹಿತ್ತಲಲ್ಲಿ ಕಾವಲು ಕೂರೋರು. ನಾವು ಹೋಗಿದ್ದು ಮಂಗಳವಾರದ ಕ್ಲಿನಿಕ್ಕಿಗೇ, ಇವತ್ತಿಗೂ ಅಲ್ಲೇ. ಚೀಟಿಗೆ ಹತ್ತು ರೂಪಾಯಿ, ಮಾತ್ರೆ ಪುಕ್ಕಟೆ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮಿಬ್ಬರಿಗೂ ಬಸ್ ಚಾರ್ಜಿಲ್ಲ, ಯಜಮಾನರಿಗೆ ಮಾತ್ರ ಹೋಗಿ ಬರೋಕೆ 84. ಅವರ ಒಂದು ದಿನದ ಕೂಲಿ 600 ಹೋಯ್ತಲ್ಲ, ಅದನ್ನೂ ಲೆಕ್ಕಕ್ಕೆ ಹಿಡೀರಿ.

ಕಷ್ಟ ಆಗಿದ್ದು ಸ್ಟಾಕಿಂದ. ಅತ್ತೆಗೆ ಬರೆದ ರಿಸ್ಪೆರಿಡೋನ್ ಮಾತ್ರೆ ಎರಡು ಎಂಜಿದು ಇಲ್ಲ, ಒಂದು ಎಂಜಿದು ಎರಡು ನುಂಗಿ ಅಂತಾರೆ. ಮುಂದಿನ ಸಲ ಅದೂ ಇಲ್ಲ. ಹೊರಗಿನ ಮೆಡಿಕಲ್ಸಲ್ಲಿ ಹತ್ತರ ಪಟ್ಟಿಗೆ 58. ಜನೌಷಧಿಯಲ್ಲಿ ತುಂಬಾ ಕಮ್ಮಿ, ಆದ್ರೆ ನಮಗೆ ಆ ಅಂಗಡಿ ಇರೋದು ಹಾಸನದಲ್ಲಿ. ನಡುವೆ ಕೈ ನಡುಗೋಕೆ ಶುರುವಾಗಿ ಲೋಟ ಹಿಡಿಯೋಕಾಗ್ತಿರಲಿಲ್ಲ, ಕಾಫಿ ಎಲ್ಲಾ ಸೀರೆ ಮೇಲೆ. ಡಾಕ್ಟ್ರು ಅದಕ್ಕೊಂದು ಸಣ್ಣ ಮಾತ್ರೆ ಸೇರಿಸಿದ್ರು, ನಿಂತಿತು. ಮೊದಮೊದಲು ನುಂಗಲ್ಲ ಅಂತ ಹಠ ಮಾಡೋರು. ಅದೇ ಔಷಧಿ ನೀರಿನ ಥರದ್ದೂ ಬರುತ್ತೆ, ಸಾರಿಗೆ ಹಾಕಿ ಕೊಟ್ವಿ. ಈಗ ಅವರೇ ನೆನಪಿಟ್ಟು ತಗೋತಾರೆ. ಸ್ತ್ರೀಶಕ್ತಿ ಸಂಘದ ಮೀಟಿಂಗಲ್ಲಿ ಯಾರ ಸಾಲ ಎಷ್ಟು ಬಾಕಿ ಅಂತ ಬಾಯಲ್ಲೇ ಹೇಳ್ತಾರೆ. ಊರವರು ಏನಂದ್ಕೊಂಡ್ರೂ ನಂಗೇನೂ ಇಲ್ಲ.

ಬೆಣ್ಣೆದೋಸೆ ಊರಿನವ:
ಖಾಸಗಿ ಅಂದ್ರೆ ಒಳ್ಳೇದು ಅಂತ ಇದ್ರೆ ತಲೆಯಿಂದ ತೆಗೆದುಹಾಕಿ ಸಾರ್. ನನ್ನ ಮಗ ಸೆಕೆಂಡ್ ಪಿಯುಸಿಯಲ್ಲಿ ಪುಸ್ತಕ ಮುಚ್ಚಿಟ್ಟು ಗೋಡೆ ನೋಡ್ತಾ ಕೂತ. ಒಂದು ಕೌನ್ಸೆಲಿಂಗ್ ಸೆಂಟರಿಗೆ ಕರ್ಕೊಂಡು ಹೋದೆ, ಹೆಸರು ಬೇಡ. ರಿಜಿಸ್ಟ್ರೇಷನ್ 500. ಪರ್ಸನಾಲಿಟಿ ಟೆಸ್ಟ್ 3,500. ಬ್ರೈನ್ ಮ್ಯಾಪಿಂಗ್ ಅಂತ ತಲೆಗೆ ವೈರು ಅಂಟಿಸಿ 6,000, ಬಣ್ಣಬಣ್ಣದ ರಿಪೋರ್ಟು ಕೊಟ್ರು, ಆಮೇಲೆ ತೋರಿಸಿದ ಯಾವ ಡಾಕ್ಟ್ರೂ ಅದನ್ನ ಕಣ್ಣೆತ್ತಿ ನೋಡಲಿಲ್ಲ. ಪ್ಯಾಕೇಜ್ ಆದ್ರೆ ಕಮ್ಮಿ ಬೀಳುತ್ತೆ ಅಂತ 18,000 ಮುಂಗಡ. ಒಟ್ಟು 28,000, ಅಡಿಕೆ ಮಾರಿದ ದುಡ್ಡು.

ಅವನ ಕಿವಿಗೆ ದನಿ ಕೇಳಿಸ್ತಿತ್ತು. ಅದನ್ನ ಅಲ್ಲಿ ಯಾರೂ ವಿಚಾರಿಸಲೇ ಇಲ್ಲ. ಮೊಬೈಲ್ ಚಟ, ಧ್ಯಾನ ಮಾಡ್ಸಿ ಅಂದ್ರು. ನಿದ್ದೆಯಿಲ್ಲದೆ ಅವನು ಸೊರಗಿ ಕಡ್ಡಿಯಾದ. ಆರ್‌ಸಿಐ ನೋಂದಣಿ ನಂಬರ್ ಕೊಡಿ ಅಂತ ಕೇಳಿದ್ದಕ್ಕೆ ಮಾತು ತೇಲಿಸಿದ್ರು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕ್ಬೇಕಾದ್ರೆ ಅದೇ ಆರ್‌ಸಿಐ, ಅಂದ್ರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರ್ಲೇಬೇಕು. ಹುಬ್ಬಳ್ಳಿಯವರನ್ನ ಮೊದಲು ಅದನ್ನೇ ಕೇಳಿ. ಮಗ ಈಗ ಜಿಲ್ಲಾಸ್ಪತ್ರೆ ಮಾತ್ರೆ ಮೇಲೆ ಇದ್ದಾನೆ, ಪರೀಕ್ಷೆ ಕಟ್ಟಿದ್ದಾನೆ. ಆ 28,000 ನೆನೆಸ್ಕೊಂಡ್ರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಜಯನಗರ ನಾಲ್ಕನೇ ಬ್ಲಾಕ್:
ಒಬ್ಬರು ಮೋಸ ಮಾಡಿದರು ಅಂತ ಕೌನ್ಸೆಲಿಂಗನ್ನೇ ಬೈಯಬೇಡಿ. ನನಗೆ ಮೆಟ್ರೋದಲ್ಲಿ ಇದ್ದಕ್ಕಿದ್ದಂತೆ ಎದೆ ಬಡಿದುಕೊಂಡು ಸತ್ತೇಹೋಗ್ತೀನಿ ಅನ್ನಿಸೋದು. ಇಸಿಜಿ, ಎಕೋ, ಥೈರಾಯ್ಡ್ ಅಂತ 7,400 ಸುರಿದೆ, ಎಲ್ಲಾ ನಾರ್ಮಲ್. ಪ್ಯಾನಿಕ್ ಅಂತ ಗೊತ್ತಾದ ಮೇಲೆ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸುವ ಮಾತಿನ ಚಿಕಿತ್ಸೆ) ಶುರುಮಾಡಿದೆ, ಸೆಷನ್ನಿಗೆ 1,800. ಹೆದರಿಕೆ ಬಂದಾಗ ಇಳಿದು ಓಡುವ ಹಾಗಿಲ್ಲ, ಕೂತಲ್ಲೇ ಹತ್ತಕ್ಕೆ ಎಷ್ಟು ಹೆದರಿಕೆ ಅಂತ ಬರೀಬೇಕು. ಲಾಲ್‌ಬಾಗ್ ಸ್ಟೇಷನ್ನಲ್ಲಿ ಒಂಬತ್ತು ಅಂತ ಬರೆದವಳು ಮೆಜೆಸ್ಟಿಕ್ ಬರುವ ಹೊತ್ತಿಗೆ ನಾಲ್ಕು ಅಂತ ಬರೆದೆ. ಮಾತ್ರೆ ಮುಟ್ಟಲಿಲ್ಲ. ಸಂಬಳದ ಕಾಲುಭಾಗ ಹೋಯ್ತು, ಸ್ಕೂಟಿ ಮಾರಿದೆ, ಒಂದು ರೂಪಾಯಿಯೂ ದಂಡವಾಗಲಿಲ್ಲ.

ಸರ್ಕಾರಿ ಕ್ಲಿನಿಕ್ಕಲ್ಲಿ ಎರಡು ನಿಮಿಷ ನೋಡಿ ಮಾತ್ರೆ ಬರೆದು ಕಳಿಸ್ತಾರೆ. ಹೇಮಾವತಿಯವರೇ, ಸಾರಿಗೆ ಹಾಕಿ ಕೊಟ್ವಿ ಅಂತ ಹೆಮ್ಮೆಯಿಂದ ಬರೆದಿದ್ದೀರಿ. ಅದು ಒಪ್ಪಿಗೆ ಇಲ್ಲದೆ ಕೊಟ್ಟ ಚಿಕಿತ್ಸೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಓದಿ.

ಹೇಮಾವತಿ ಸೊಸೆ:
ಕತ್ತಲಲ್ಲಿ ಕುಡುಗೋಲು ಹಿಡಿದು ಕೂತಿರೋರ ಹತ್ರ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸ್ಕೊಂಡು ಬನ್ನಿ ನೋಡೋಣ. ನನ್ನ ಮಗುಗೆ ಆಗ ಎರಡು ವರ್ಷ. ರಾತ್ರಿಯೆಲ್ಲಾ ಬಾಗಿಲಿಗೆ ಅಡ್ಡ ಮಲಗಿದವಳು ನಾನು. ನಿಮ್ಮದು ಮೆಟ್ರೋದಲ್ಲಿ ಬರೋ ಹೆದರಿಕೆ, ನಮ್ಮತ್ತೆದು ಬೇರೆ ಕಾಯಿಲೆ.

ಜಯನಗರ ನಾಲ್ಕನೇ ಬ್ಲಾಕ್:
ನನ್ನದು ಸಣ್ಣದು ಅಂತ ಹೇಳೋಕೆ ನೀವ್ಯಾರು? ನನ್ನ ಚಿಕ್ಕಪ್ಪನಿಗೆ ಹಾಗೇ ಊಟದಲ್ಲಿ ಕೊಡ್ತಿದ್ದರು. ಗೊತ್ತಾದ ದಿನದಿಂದ ಮನೆಯಲ್ಲಿ ಯಾರ ಕೈಯಿಂದಲೂ ಊಟ ಮಾಡಲಿಲ್ಲ, ಮನೆ ಬಿಟ್ಟೇ ಹೋದರು. ಅದಕ್ಕೆ ಹೇಳಿದ್ದು.

ಮಾಳಮಡ್ಡಿ ಮಾಸ್ತರ:
ನಮಸ್ಕಾರ್ರಿ. ನಮ್ಮ ಮನಿಯಾಕಿಗೆ ಬೈಪೋಲಾರ್ ಅದ (ಮನಸ್ಸು ಒಮ್ಮೆ ಭಾಳ ಏರೋದು, ಒಮ್ಮೆ ಭಾಳ ಇಳಿಯೋದು), ಅದಕ್ಕ ಲಿಥಿಯಂ ಗುಳಿಗಿ ತಗೋತಾಳ್ರಿ. ಗುಳಿಗಿ ಸೋವಿ, ಪರೀಕ್ಷಾ ತುಟ್ಟಿ. ರಕ್ತದಾಗ ಲಿಥಿಯಂ ಎಷ್ಟದ ನೋಡ್ಲಿಕ್ಕೆ 550, ಥೈರಾಯ್ಡ್ 400, ಕಿಡ್ನಿ ನೋಡೋ ಕ್ರಿಯಾಟಿನಿನ್ 120. ನಾವು ತೋರಿಸೋ ತಾಲೂಕಾ ದವಾಖಾನ್ಯಾಗ ಲಿಥಿಯಂ ಪರೀಕ್ಷಾ ಇಲ್ಲ. ರಾತ್ರಿ ಗುಳಿಗಿ ತಗೊಂಡು ಹನ್ನೆರಡು ತಾಸಿಗೆ ರಕ್ತ ಕೊಡಬೇಕು. ಒಂದು ಲ್ಯಾಬಿನಾಗ ಮುಂಜಾನೆ ಗುಳಿಗಿ ನುಂಗಿಸಿ ಆಮ್ಯಾಲೆ ರಕ್ತ ತಗದ್ರು. ರಿಪೋರ್ಟಿನಾಗ ಮಿತಿ ಮೀರಿ 1.5 ಬಂತು, ಮನಿಮಂದಿ ಎಲ್ಲಾ ಗಾಬರಿ. ಮತ್ತ 550 ಕೊಟ್ಟು ತಗಸಿದ್ವಿ.

ಅದಕ್ಕಿಂತ ದೊಡ್ಡದು ಆಗಿದ್ದು ನಿರ್ಜಲ ಏಕಾದಶಿಗೆ. ಹನಿ ನೀರು ಕುಡೀಲಿಲ್ಲ ಆಕಿ. ಸಂಜೀಕೆ ವಾಂತಿ, ಕೈ ನಡುಗ, ನಾಲಿಗಿ ತೊದಲ್ಲಿಕ್ಕೆ ಹತ್ತಿತು. ಮೈಯಾಗ ನೀರು ಕಡಿಮಿ ಆದ್ರ ಲಿಥಿಯಂ ರಕ್ತದಾಗ ಏರ್ತದಂತ. ಇಷ್ಟು ವರ್ಷ ಚೀಟಿ ಬರದು ಕೊಟ್ಟವರು ಉಪವಾಸ ಮಾಡ್ತೀರೇನು ಅಂತ ಒಂದು ಮಾತು ಕೇಳಿರಲಿಲ್ಲ. ಐಸಿಯು ಬಿಲ್ 41,000. ಮಾನಸಿಕ ರೋಗಕ್ಕ ಸಂಬಂಧಿಸಿದ್ದು ಅಂತ ವಿಮಾ ಕಂಪನಿಯವರು ಕ್ಲೇಮ್ ತಿರಸ್ಕಾರ ಮಾಡಿದ್ರು. ಅದೇ 2017ರ ಕಾಯ್ದಿ 21ನೇ ಕಲಮಿನಾಗ, ದೈಹಿಕ ರೋಗಕ್ಕ ಹೆಂಗ ವಿಮಾ ಅದನೋ ಹಂಗ ಮಾನಸಿಕ ರೋಗಕ್ಕೂ ಇರಬೇಕು ಅಂತ ಬರದದ. ಟೈಪ್ ಮಾಡಿಸಿ, ವಿಮಾ ತಕರಾರು ಕೇಳೋ ಓಂಬುಡ್ಸ್‌ಮನ್‌ಗೆ ಅರ್ಜಿ ಹಾಕಿ, 33,000 ತಗೊಂಡೆ. ಉಳಿದ 8,000ಕ್ಕ ಇನ್ನೂ ಪತ್ರ ಬರೀಲಿಕ್ಕೆ ಹತ್ತೀನಿ. ಕಾಯ್ದಿ ಒಬ್ಬರಿಗೊಬ್ಬರು ಬೈಲಿಕ್ಕೆ ಅಲ್ಲ ತಂಗಿ, ಇಂಥಾದಕ್ಕ ಉಪಯೋಗ ಮಾಡ್ರಿ.

ಘಟ್ಟದ ಕೆಳಗಿನವ:
ಮಾರಾಯ್ರೆ, ಮೊದಲು ಜ್ಯೋತಿಷಿಯ ಹತ್ತಿರ ಒಂದು ಪ್ರಶ್ನೆ ಇಡಿಸಿ. ನಮ್ಮ ಅಕ್ಕನಿಗೆ ಆಶ್ಲೇಷಾ ಬಲಿ ಪೂಜೆ ಮಾಡಿಸಿದ ಮೇಲೆಯೇ ನಿದ್ದೆ ಬಂದದ್ದು. ಮಂಗಳವಾರ ಹೊಸ ಕೆಲಸಕ್ಕೆ ಒಳ್ಳೆಯ ದಿನವೂ ಅಲ್ಲ.

ಬೆಣ್ಣೆದೋಸೆ ಊರಿನವ:
ಪೂಜೆ ಮಾಡಿಸ್ಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ಹುಡುಗನ್ನ ಕಾಯಿಸಬೇಡಿ. ನನ್ನ ಮಗನಿಗೂ ಯಂತ್ರ ಕಟ್ಟಿಸಿ 5,000 ಕೊಟ್ಟು ಎರಡು ಅಮಾವಾಸ್ಯೆ ಕಾದ್ವಿ, ಅಷ್ಟರಲ್ಲಿ ಅವನು ಊಟಾನೇ ಬಿಟ್ಟ.

ಘಟ್ಟದ ಕೆಳಗಿನವ:
ಅಕ್ಕ ಮಾತ್ರೆಯನ್ನೂ ತೆಗೆದುಕೊಳ್ತಾಳೆ, ನಾನು ಬೇಡ ಅಂತ ಎಲ್ಲಿ ಹೇಳಿದೆ? ದೇವರ ಹೆಸರು ಎತ್ತಿದ ಕೂಡಲೇ ನಿಮಗೆ ಯಾಕೆ ಸಿಟ್ಟು?

ಹಳೇ ಪಿಎಸ್‌ಡಬ್ಲ್ಯು:
ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಗುತ್ತಿಗೆ ಮೇಲೆ ಪಿಎಸ್‌ಡಬ್ಲ್ಯು, ಅಂದರೆ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿ ದುಡಿದು ಬಿಟ್ಟವಳು ನಾನು. ‘ಎರಡು ನಿಮಿಷ’ ಅನ್ನೋದನ್ನ ಓದಿ ಸುಮ್ಮನಿರೋಕಾಗಲಿಲ್ಲ. ನಮ್ಮಲ್ಲಿ ಇಡೀ ಜಿಲ್ಲೆಗೆ ಒಬ್ಬರೇ ಮನೋವೈದ್ಯರು, ಒಂದೇ ಗಾಡಿ. ತಾಲೂಕು ಆಸ್ಪತ್ರೆಯಲ್ಲಿ ನಮಗೆ ಕೊಡ್ತಿದ್ದದ್ದು ಚುಚ್ಚುಮದ್ದು ಕೋಣೆಯ ಮೂಲೆ, ಪರದೆಯೂ ಇಲ್ಲ. ಒಬ್ಬ ಹೆಣ್ಣುಮಗಳು ಸಾಯಬೇಕು ಅನ್ನಿಸುತ್ತೆ ಅಂತ ಹೇಳ್ತಿರುವಾಗ ಪಕ್ಕದಲ್ಲಿ ನಾಯಿ ಕಚ್ಚಿದವರು ಸೂಜಿಗೆ ಕಾಯ್ತಿರೋರು. ಆಕೆಯನ್ನ ಹೊರಗೆ ಆಲದಮರದ ಕಟ್ಟೆಗೆ ಕರ್ಕೊಂಡು ಹೋಗಿ ಮಾತಾಡಿಸಿದ್ದೀನಿ. ಸಂಬಳ ತಿಂಗಳುಗಟ್ಟಲೆ ತಡ. 1985ರಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿಯಲ್ಲಿ ಈ ಮಾದರಿ ಶುರುಮಾಡಿದ್ದು ಪಿಎಚ್‌ಸಿ ಡಾಕ್ಟರುಗಳೇ ಸಾಮಾನ್ಯ ಕೇಸು ನೋಡುವಂತಾಗಲಿ ಅಂತ. ಅಷ್ಟಾಗಿದ್ದರೆ ಮಂಗಳವಾರ ಇಷ್ಟು ಜನ ಸಾಲು ನಿಲ್ಲಬೇಕಿರಲಿಲ್ಲ.

ಅಲ್ಲಿ ಮಾತಿನ ಚಿಕಿತ್ಸೆಯೂ ಇರುತ್ತೆ, ಕೇಳಿದರೆ ಬೇರೆ ದಿನಕ್ಕೆ ಜಿಲ್ಲಾಸ್ಪತ್ರೆಗೆ ಬರಹೇಳ್ತಾರೆ. ಮುಂದೆ ಕಾಯಿಲೆ ದೀರ್ಘವಾದರೆ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡ್ ಮಾಡಿಸಿ. ಅದರಲ್ಲಿ ಅಂಗವೈಕಲ್ಯ ಶೇ. 40ಕ್ಕಿಂತ ಕಮ್ಮಿ ಬರೆದರೆ ಪಿಂಚಣಿ ಸಿಗಲ್ಲ, ಆದ್ದರಿಂದ ಹಳೇ ಚೀಟಿ ಒಂದನ್ನೂ ಎಸೀಬೇಡಿ.

ಬೆಣ್ಣೆದೋಸೆ ಊರಿನವ:
ಇಪ್ಪತ್ತನಾಲ್ಕರ ಹುಡುಗನಿಗೆ ಅಂಗವಿಕಲ ಕಾರ್ಡಾ? ಮದುವೆ ಯಾರು ಮಾಡ್ತಾರೆ? ನನ್ನ ಮಗನಿಗೆ ಅದನ್ನ ಮಾಡಿಸೋಲ್ಲ.

ಹಳೇ ಪಿಎಸ್‌ಡಬ್ಲ್ಯು:
ನಾನು ‘ದೀರ್ಘವಾದರೆ’ ಅಂತ ಬರೆದಿದ್ದೀನಿ, ಓದಿ. ಕಾರ್ಡ್ ಇಲ್ಲದೆ ಮುಚ್ಚಿಟ್ಟು ಮದುವೆ ಮಾಡಿ, ಹೆಣ್ಣಿನ ಕಡೆಯವರು ಗುಳಿಗೆ ನೋಡಿ ಗಲಾಟೆ ಎಬ್ಬಿಸಿದ್ದನ್ನೂ ಕಂಡಿದ್ದೀನಿ.

ವರದಾತೀರ:
ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಹೇಮಾವತಿಯವರ ಅತ್ತೆ ವಿಷಯ ಓದಿ ಹೇಳಿದೆ, ಈ ಮಂಗಳವಾರ ನೋಡೋಣ ಅಂದರು. ಆದರೆ ತಮ್ಮ ಬರಲ್ಲ ಅಂತಾನೆ. ನಾವು ಮಾತ್ರ ಹೋದರೆ ನೋಡ್ತಾರಾ?

ಹಳೇ ಪಿಎಸ್‌ಡಬ್ಲ್ಯು:
ಹೋಗಿ. ನಿದ್ದೆ, ಊಟ, ಅವನು ಆಡಿದ ಮಾತು ಒಂದು ಹಾಳೆಯಲ್ಲಿ ಬರ್ಕೊಂಡು ಹೋಗಿ. ಅವನನ್ನ ನೋಡದೆ ಮಾತ್ರೆ ಬರೀಲಿಕ್ಕಿಲ್ಲ, ಆದರೆ ಹೇಗೆ ಕರೆತರೋದು ಅಂತ ಹೇಳಿಕೊಡ್ತಾರೆ. ಓಣಿಯ ಆಶಾ ಕಾರ್ಯಕರ್ತೆಗೂ ತಿಳಿಸಿ. ಅಲ್ಲೀತನಕ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅನ್ನೋ ಸರ್ಕಾರಿ ಮಾನಸಿಕ ಸಹಾಯವಾಣಿ, ಪುಕ್ಕಟೆ, ಕನ್ನಡದಲ್ಲೇ ಮಾತಾಡ್ತಾರೆ. ಸಾಯುವ ಮಾತು ಆಡಿದರೆ ಮಂಗಳವಾರಕ್ಕೆ ಕಾಯಬೇಡಿ, ಅವತ್ತೇ ಜಿಲ್ಲಾಸ್ಪತ್ರೆಗೆ ಕರ್ಕೊಂಡು ಹೋಗಿ.

ಹೇಮಾವತಿ ಸೊಸೆ:
ಒಂಬತ್ತಕ್ಕೆ ಮುಂಚೆ ಹೋಗಿ ಚೀಟಿ ಮಾಡಿಸಿ ತಮ್ಮಾ. ಹೊರಡೋ ಮೊದಲು ಫಾರ್ಮಸಿಯಲ್ಲೇ ನಿಂತು ಮಾತ್ರೆ ಎಣಿಸ್ಕೊಳ್ಳಿ, ಒಂದು ತಿಂಗಳಿಗೆ ಬರೆದು ಹದಿನೈದು ದಿನಕ್ಕಾಗುವಷ್ಟೇ ಕೊಡ್ತಾರೆ.

ಜಯನಗರ ನಾಲ್ಕನೇ ಬ್ಲಾಕ್:
ಮತ್ತೆ ಸಾರಿಗೆ ಹಾಕೋದನ್ನ ಹೇಳಿಕೊಡಬೇಡಿ ಅಷ್ಟೆ.

ಹೇಮಾವತಿ ಸೊಸೆ:
ನಿಮ್ಮನ್ನ ಕೇಳಿ ಹೇಳಬೇಕಾ?